ಆರು ಚೌಕ, ಒಂದು ಗಾಜಿನ ಮಾಡು

ಕೇಳುಗರೇ, ನಮಸ್ಕಾರ.

ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಶೈಲಿಯದು, 12ನೆಯ ಶತಮಾನದ್ದು. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರದ ಹಾಗಿದೆ. ಸುತ್ತು ಬರುತ್ತಾ ಎಣಿಸಹೊರಟರೆ ಲೆಕ್ಕ ತಪ್ಪುತ್ತದೆ. ಆದರೆ ಆ ಆಕಾರ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಒಂದು ಚೌಕ ಬರೆಯಿರಿ. ನಡುವಿನ ಚುಕ್ಕಿ ಕದಲದ ಹಾಗೆ ಅದನ್ನು 15 ಡಿಗ್ರಿ ತಿರುಗಿಸಿ, ಅದರ ಮೇಲೇ ಇನ್ನೊಂದು ಬರೆಯಿರಿ. ಹೀಗೆ ಒಟ್ಟು 6 ಚೌಕ. ಆರ್ನಾಲ್ಕಲೆ ಇಪ್ಪತ್ನಾಲ್ಕು, ಅಲ್ವಾ? ಒಳಗಿನ ಗೆರೆಗಳನ್ನೆಲ್ಲ ಅಳಿಸಿದರೆ ನಕ್ಷತ್ರ ಸಿಕ್ಕಿತು.

ಇಂದು ವಾಸ್ತುಶಿಲ್ಪಿಗಳು ಕಂಪ್ಯೂಟರಿನಲ್ಲಿ ಮಾಡುವ ಪ್ಯಾರಾಮೆಟ್ರಿಕ್ ವಿನ್ಯಾಸದ ತಿರುಳೂ ಇದೇ. ಗೆರೆ ಹೇಗೆ ಹುಟ್ಟಬೇಕು ಎಂಬ ನಿಯಮವನ್ನು ಬರೆದಿಡುತ್ತಾರೆ. ಗೆರೆಯನ್ನು ಯಂತ್ರ ಎಳೆಯುತ್ತದೆ.

ಮೂರು ಆಯಾಮದ ಆಕಾರಗಳನ್ನು ಬರೆಯುವ ರೈನೋ ಎಂಬ ಸಾಫ್ಟ್‌ವೇರ್‌ ಜೊತೆ ಗ್ರಾಸ್‌ಹಾಪರ್ ಎಂಬ ಸಲಕರಣೆ ಬರುತ್ತದೆ. ಡೇವಿಡ್ ರುಟೆನ್ ಅದನ್ನು 2007ರಲ್ಲಿ ರೂಪಿಸಿದರು. ಕೋಡ್ ಬರೆಯಲೇಬೇಕೆಂದಿಲ್ಲ. ಪರದೆಯ ಮೇಲೆ ಪುಟ್ಟ ಪುಟ್ಟ ಡಬ್ಬಿಗಳಿರುತ್ತವೆ. ಒಂದು ಡಬ್ಬಿ ಚೌಕ ಕೊಡುತ್ತದೆ, ಇನ್ನೊಂದು ಅದನ್ನು ತಿರುಗಿಸುತ್ತದೆ. ನಡುವೆ ವೈರ್ ಎಳೆದು ಜೋಡಿಸುತ್ತಾ ಹೋಗುವುದು. ಎಷ್ಟು ಚೌಕ ಬೇಕು ಅನ್ನುವುದಕ್ಕೆ ಒಂದು ಸ್ಲೈಡರ್, ಅಂದರೆ ಆಚೀಚೆ ಎಳೆದು ಸಂಖ್ಯೆ ಬದಲಿಸುವ ಗುಂಡಿ. 90ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಕೋನ ಬಂತು. ಸ್ಲೈಡರನ್ನು 6ರಿಂದ 4ಕ್ಕೆ ಎಳೆಯಿರಿ. ಕೋನ ಇಪ್ಪತ್ತೆರಡೂವರೆ ಡಿಗ್ರಿ ಆಗುತ್ತದೆ, ಮೂಲೆಗಳು 16 ಆಗುತ್ತವೆ. ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ನಕ್ಷತ್ರಕ್ಕೂ 16 ಮೂಲೆಗಳೇ. ಎಕ್ಸೆಲ್ ಹಾಳೆಯಲ್ಲಿ ಒಂದು ಅಂಕಿ ತಿದ್ದಿದರೆ ಕೆಳಗಿನ ಮೊತ್ತ ತಾನಾಗಿ ಬದಲಾಗುತ್ತದಲ್ಲ, ಹಾಗೆ.

ಸ್ಲೈಡರ್ ಎಳೆಯುವುದು ಮಜವಾಗಿರುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ಸುಮ್ನೆ ಎಳೆಯುತ್ತಾ ಕೂತರೆ ತಿರುಚಿದ, ಉಬ್ಬಿದ, ಚಿತ್ರವಿಚಿತ್ರ ಕಟ್ಟಡಗಳು ಒಂದರ ಹಿಂದೊಂದು ಬರುತ್ತವೆ. ಯಾವುದನ್ನು ಕಟ್ಟಬೇಕು, ಯಾಕೆ ಕಟ್ಟಬೇಕು ಅಂತ ಸ್ಲೈಡರ್ ಹೇಳುವುದಿಲ್ಲ. ಅದನ್ನು ಹೇಳುವುದು ಜಾಗದ ಕಟ್ಟುಪಾಡುಗಳು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಅಂಗಳದ ಗಾಜಿನ ಮಾಡನ್ನೇ ನೋಡಿ. 2000ನೇ ಇಸವಿಯ ಡಿಸೆಂಬರಿನಲ್ಲಿ ತೆರೆದದ್ದು. ವಿನ್ಯಾಸ ನಾರ್ಮನ್ ಫಾಸ್ಟರ್ ಸಂಸ್ಥೆಯದು. ಹೊರಗೆ ಆಯತಾಕಾರದ ಅಂಗಳ, ಒಳಗೆ ದುಂಡನೆಯ ಹಳೆಯ ವಾಚನಾಲಯ. ಆ ವಾಚನಾಲಯವೋ, ಅಂಗಳದ ಸರಿನಡುವೆ ಇಲ್ಲ! ಮಾಡು ಈ ಆಯತವನ್ನೂ ವೃತ್ತವನ್ನೂ ಕೂಡಿಸಬೇಕು. ತೀರಾ ಎತ್ತರಕ್ಕೆ ಏಳುವಂತಿಲ್ಲ. ಹಳೆಯ ಗೋಡೆಗಳನ್ನು ಹೊರಕ್ಕೆ ತಳ್ಳುವಂತೆಯೂ ಇಲ್ಲ. ಹಾಗಾಗಿ ಅಂಚಿನಲ್ಲಿ ಅದನ್ನು ಜಾರುವ ಆಧಾರಗಳ ಮೇಲೆ ಕೂರಿಸಿದ್ದಾರೆ.

ಈ ಮಾಡಿನ ಆಕಾರವನ್ನು ಬಾತ್ ವಿಶ್ವವಿದ್ಯಾಲಯದ ಕ್ರಿಸ್ ವಿಲಿಯಮ್ಸ್ ಗಣಿತದ ಸೂತ್ರದಲ್ಲಿ ಹಿಡಿದರು. ಆಗ ಗ್ರಾಸ್‌ಹಾಪರ್ ಇನ್ನೂ ಹುಟ್ಟಿರಲಿಲ್ಲ, ಪ್ರೋಗ್ರಾಂ ಅವರೇ ಬರೆದರು. ಬಾಗಿದ ಮೇಲ್ಮೈಯನ್ನು ತ್ರಿಕೋನಗಳಾಗಿ ಒಡೆದರು. ಏಕೆ ತ್ರಿಕೋನ? ಮೂರು ಬಿಂದುಗಳು ಎಲ್ಲಿದ್ದರೂ ಒಂದೇ ಸಮತಟ್ಟಿಗೆ ಸಿಗುತ್ತವೆ. ನಾಲ್ಕನೆಯದು ಸೇರಿದರೆ ಆ ಖಾತ್ರಿ ಇರುವುದಿಲ್ಲ, ಗಾಜನ್ನು ಬಗ್ಗಿಸಬೇಕಾಗಬಹುದು. ಬಗ್ಗಿಸಿದ ಗಾಜಿಗೆ ಖರ್ಚು ಜಾಸ್ತಿ. ಆಮೇಲೆ ಆ ತ್ರಿಕೋನಗಳ ಮೂಲೆಗಳನ್ನು ಮೇಲ್ಮೈಯ ಮೇಲೆಯೇ ಜಾರಿಸುತ್ತಾ, ಜಾಲ ಸಮವಾಗಿ ಹರಡುವ ತನಕ ಕಂಪ್ಯೂಟರ್ ಲೆಕ್ಕ ಹಾಕಿತು. ಕೊನೆಗೆ ಬಂದದ್ದು 3,312 ಗಾಜಿನ ಹಲಗೆಗಳು, ಬೇರೆ ಬೇರೆ ಅಳತೆಯವು. ಕೈಯಲ್ಲಿ ಒಂದೊಂದಾಗಿ ನಕ್ಷೆ ಬರೆಯುತ್ತಾ ಕೂತಿದ್ದರೆ ಆ ಕೆಲಸ ಮುಗಿಯುತ್ತಿತ್ತೇ?

ಅದೇ ಊರಿನ ಗೆರ್ಕಿನ್ ಗೋಪುರದ್ದು ಇನ್ನೊಂದು ಜಾಣತನ. 180 ಮೀಟರ್ ಎತ್ತರ, ಮೈಯೆಲ್ಲ ದುಂಡಗೆ. ಆದರೆ ಅದರ ಗಾಜುಗಳು ಚಪ್ಪಟೆ. ಬಾಗಿದ್ದು ತುತ್ತತುದಿಯ ಒಂದೇ ಒಂದು. ನನ್ನ ಮಟ್ಟಿಗೆ, ಕಣ್ಣಿಗೆ ಕಾಣುವ ಬಾಗಿಗಿಂತ ಇದೇ ದೊಡ್ಡ ವಿದ್ಯೆ.

ಕೈಯಾಡಿಸಿ ನೋಡುವ ಆಸೆ ಇದ್ದರೆ, ರೈನೋವನ್ನು 90 ದಿನ ಬಿಟ್ಟಿಯಾಗಿ ಬಳಸಬಹುದು. ಬ್ಲೆಂಡರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಅಂತೂ ಯಾವಾಗಲೂ ಉಚಿತ. ಅದರ ಜಿಯೊಮೆಟ್ರಿ ನೋಡ್ಸ್ ಕೂಡ ಇದೇ ಡಬ್ಬಿ, ವೈರುಗಳ ಪದ್ಧತಿಯದು. ಮೊದಲ ದಿನವೇ ಗೋಪುರಕ್ಕೆ ಕೈ ಹಾಕಬೇಡಿ. ಒಂದು ಕಿಟಕಿಯ ಜಾಲರಿ ಸಾಕು. ಕಿಟಕಿಯ ಅಗಲ ಬದಲಿಸಿದಾಗ ಸರಳುಗಳ ನಡುವಿನ ಅಂತರ ತಾನಾಗಿ ಹೊಂದಿಕೊಳ್ಳುವಂತೆ ಮಾಡಿ ನೋಡಿ.

ನಮಸ್ಕಾರ.