ಮ್ಯಾಂಡೊಲಿನ್: ಹೊಸದೋ, ಬಳಸಿದ್ದೋ?

ಕೇಳುಗರಿಗೆ ನಮಸ್ಕಾರ.

ಒಂದು ಒಳ್ಳೆಯ ಮ್ಯಾಂಡೊಲಿನ್ ಬೇಕು ಅಂದರೆ ನಮ್ಮ ಕಡೆಯವರು ಹುಬ್ಬಳ್ಳಿಗೋ ಮಡಗಾಂವಿಗೋ ಹೋಗಬೇಕು, ಇಲ್ಲವೇ ಪಾರ್ಸೆಲ್‌ನಲ್ಲಿ ತರಿಸಬೇಕು. ಅಷ್ಟರಲ್ಲಿ ಗುರುತಿನವರೊಬ್ಬರು, "ನಮ್ಮ ಮನೇಲೊಂದು ಹಳೇದು ಬಿದ್ದಿದೆ, ನೋಡ್ತೀರಾ?" ಅನ್ನುತ್ತಾರೆ. ಯಾವುದು ಸರಿ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯ ಎರಡು ಮೂರು ಮಳೆಗಾಲ ಕಂಡೂ ಕುತ್ತಿಗೆ ನೆಟ್ಟಗಿರುವ ವಾದ್ಯ, ಅದೇ ಹಣಕ್ಕೆ ಸಿಗುವ ಹೊಸದಕ್ಕಿಂತ ಮೇಲು. ಅದರ ಮರ ಹಿಗ್ಗಿ ಕುಗ್ಗಿ ಹದಕ್ಕೆ ಬಂದಿರುತ್ತದೆ. ಬಿಡುವ ಅಂಟು ಆಗಲೇ ಬಿಟ್ಟಿರುತ್ತದೆ. ಆದರೆ ಪರೀಕ್ಷಿಸಿ ನೋಡುವ ತಾಳ್ಮೆ ಇಲ್ಲದವರು ಹೊಸದನ್ನೇ ಕೊಳ್ಳುವುದು ಕ್ಷೇಮ.

ಮೊದಲು ಏನು ನುಡಿಸುತ್ತೀರಿ ಅನ್ನುವುದು ಗೊತ್ತಿರಲಿ. ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕೆ ಬಳಸಿದ್ದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಎಂಟು ತಂತಿಯ ಅಕೌಸ್ಟಿಕ್ ವಾದ್ಯದಲ್ಲಿ ತಂತಿಗಳು ಜೋಡಿ ಜೋಡಿಯಾಗಿರುವುದರಿಂದ ಎಳೆದು ಗಮಕ ತೆಗೆಯುವುದು ಕಷ್ಟ. ಭಾವಗೀತೆ, ಸಿನಿಮಾ ಹಾಡು, ಪಾಶ್ಚಾತ್ಯ ಸಂಗೀತಕ್ಕಾದರೆ ಎಂಟು ತಂತಿಯದ್ದೇ ಬೇಕು. ನಾನು ಇಲ್ಲಿ ಮಾತಾಡುತ್ತಿರುವುದು ಅದರ ಬಗ್ಗೆ.

ಆಕಾರದಲ್ಲಿ ಹನಿಯಂತಿರುವುದು ಎ ಮಾದರಿ, ಭುಜದಲ್ಲಿ ಸುರುಳಿ ಇರುವುದು ಎಫ್ ಮಾದರಿ. 1922ರಲ್ಲಿ ಗಿಬ್ಸನ್ ಕಂಪನಿಯ ಎಫ್-5 ಬಂದ ಮೇಲೆ ಆ ಸುರುಳಿಗೆ ಭಾರೀ ಮರ್ಯಾದೆ. ನಾದಕ್ಕೆ ಅದರಿಂದ ಏನೂ ಬರುವುದಿಲ್ಲ, ಬೆಲೆ ಮಾತ್ರ ಏರುತ್ತದೆ. ಈಸ್ಟ್‌ಮನ್ ಎಂಡಿ-305, ಕೆಂಟಕಿ ಕೆಎಂ-150ರಂಥ ಎ ಮಾದರಿಯ ವಾದ್ಯಗಳು ಪೂರ್ತಿ ಗಟ್ಟಿ ಮರದವು: ಮೇಲ್ಹಲಗೆ ಸ್ಪ್ರೂಸ್, ಬೆನ್ನು ಮೇಪಲ್. ಅಗ್ಗದವು ಪ್ಲೈವುಡ್. ತಿಳಿಯುವುದು ಹೇಗೆ? ಎಫ್ ಆಕಾರದ ನಾದರಂಧ್ರದ ಅಂಚಿಗೆ ಟಾರ್ಚ್ ಬಿಡಿ. ಮೇಲ್ಹಲಗೆಯ ಎಳೆಗಳು ಅಂಚಿನಲ್ಲೂ ಮುಂದುವರಿದರೆ ಗಟ್ಟಿ ಮರ, ಪದರ ಪದರ ಕಂಡರೆ ಪ್ಲೈ. ಪ್ಲೈ ಥಂಡಿಗೆ ಬೇಗ ಬಗ್ಗುವುದಿಲ್ಲ ಅನ್ನುವುದು ನಿಜ, ನಾದ ಮಾತ್ರ ಎಷ್ಟು ವರ್ಷ ನುಡಿಸಿದರೂ ಅಷ್ಟೇ.

ಇನ್ನು ಬಳಸಿದ ವಾದ್ಯದ ಪರೀಕ್ಷೆ. ಎಂಟು ತಂತಿ ಸೇರಿ ಸುಮಾರು 80 ಕಿಲೋ ಎಳೆತ, ಒಂದು ಅಡಿಕೆ ಮೂಟೆಯನ್ನು ಹಗಲೂ ರಾತ್ರಿ ತೂಗುಹಾಕಿದ ಹಾಗೆ. ಅದು ಮೊದಲು ಕೆಡಿಸುವುದು ಕುತ್ತಿಗೆ ಒಡಲಿಗೆ ಸೇರುವ ಜಾಗವನ್ನು. ಅಲ್ಲಿ ಉಗುರು ಆಡಿಸಿ. ಸಂದಿ ಸಿಕ್ಕಿದರೆ ವಾದ್ಯ ಕೆಳಗಿಡಿ. ಬಡಗಿ ಬಿಳಿ ಗೋಂದು ತುಂಬಿಸಿದ ಗುರುತಿದ್ದರಂತೂ ಮಾತೇ ಬೇಡ. ಮುಂದೆ ಅದನ್ನು ಸರಿಯಾಗಿ ಬಿಡಿಸಿ ಕೂರಿಸುವುದು ದುಬಾರಿ ಕೆಲಸ.

ಆಮೇಲೆ ಕುದುರೆ, ಅಂದರೆ ಬ್ರಿಜ್, ನೋಡಿ. ಎರಡು ಪುಟ್ಟ ಚಕ್ರಗಳ ಮೇಲೆ ಅದು ಏರಿಳಿಯುತ್ತದೆ. ಫ್ರೆಟ್ ಅಂದರೆ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಚಕ್ರಗಳನ್ನು ತಳಕ್ಕಿಳಿಸಿದ್ದರೂ 12ನೇ ಫ್ರೆಟ್ಟಿನ ಮೇಲೆ ತಂತಿ 2 ಮಿಲಿಮೀಟರಿಗಿಂತ ಎತ್ತರವಿದ್ದರೆ ಕುತ್ತಿಗೆ ಮುಂದಕ್ಕೆ ಬಾಗಿದೆ ಅಂತ ಅನುಮಾನ ಪಡಿ. ಚಕ್ರಗಳು ತುತ್ತತುದಿಗೆ ಏರಿದ್ದರೆ ಮೇಲ್ಹಲಗೆಯೇ ಕುಸಿದಿರಬಹುದು. ಆಗ ಕುದುರೆಯ ಸುತ್ತ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಒಳಗೆ ಕಿರಕಿರ ಅಂದರೆ ಮೇಲ್ಹಲಗೆಗೆ ಒಳಗಿನಿಂದ ಅಂಟಿಸಿರುವ ಆನಿಕೆಪಟ್ಟಿ ಬಿಟ್ಟಿದೆ.

ಕುತ್ತಿಗೆಯ ಬಾಗು ನೋಡಲು ತಂತಿಯೇ ಸಾಕು. ಮೊದಲ ಫ್ರೆಟ್ಟಿನಲ್ಲಿ ಒಂದು ಬೆರಳು, ಕುತ್ತಿಗೆ ಒಡಲಿಗೆ ಸೇರುವಲ್ಲಿ ಇನ್ನೊಂದು ಬೆರಳು ಒತ್ತಿ. ನಡುವೆ ಒಂದೆರಡು ಕಾಗದದ ಹಾಳೆ ತೂರುವಷ್ಟು ಜಾಗ ಇದ್ದರೆ ಸರಿ. ಹೆಚ್ಚಿದ್ದರೆ ಒಳಗೆ ಟ್ರಸ್ ರಾಡ್, ಅಂದರೆ ಕುತ್ತಿಗೆಯ ಬಾಗು ತಿದ್ದುವ ಲೋಹದ ಸರಳು, ಇದೆಯೋ, ಅದು ತಿರುಗುತ್ತದೋ ಕೇಳಿ. ರಾಡ್ ಇಲ್ಲದ, ಬಾಗಿದ ಕುತ್ತಿಗೆಗೆ ಸುಲಭದ ಮದ್ದಿಲ್ಲ.

ಹೆದರಬೇಕಾಗಿಲ್ಲದ ಸಂಗತಿಗಳೂ ಇವೆ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಸಣ್ಣ ಗುಳಿ, ತುಕ್ಕು ಹಿಡಿದ ತಂತಿ, ಬಿಗಿಯಾದ ಬಿರಡೆ, ಬಣ್ಣದ ಗೀರು, ಇವನ್ನೆಲ್ಲ ಬೆಲೆ ಇಳಿಸಲು ಬಳಸಿಕೊಳ್ಳಿ. 12ನೇ ಫ್ರೆಟ್ಟಿನ ಸ್ವರ ಅಪಸ್ವರವಾದರೂ ಗಾಬರಿ ಬೇಡ. ಕುದುರೆಯನ್ನು ಅಂಟಿಸಿರುವುದಿಲ್ಲ, ಬಹಳ ಸಲ ಅದು ಸರಿದಿರುತ್ತದೆ ಅಷ್ಟೆ. ಆದರೆ ಪೆಟ್ಟಿಗೆ ತೆರೆದ ಕೂಡಲೇ ಬೂಸಲಿನ ವಾಸನೆ ಬಂದರೆ ಸಣ್ಣ ಕನ್ನಡಿ ಇಟ್ಟು ಒಳಗಿನ ಅಂಟುಜಾಗಗಳನ್ನೆಲ್ಲ ನೋಡಿ.

ಬುಂಡೆಯಂಥ ಬೆನ್ನಿನ ಹಳೆಯ ನಿಯಾಪೊಲಿಟನ್ ಮಾದರಿ ಸಿಕ್ಕರೆ ಇನ್ನೊಂದು ಎಚ್ಚರಿಕೆ. ಅದರ ಮೇಲ್ಹಲಗೆ ತೆಳು. ಅಂಗಡಿಯಲ್ಲಿ ಸಿಗುವ 0.011 ಇಂಚಿನಿಂದ ಶುರುವಾಗುವ ತಂತಿ ಸೆಟ್ ಹಾಕಿದರೆ ಅದು ಕುಸಿಯುತ್ತದೆ. ತೀರಾ ಹಗುರದ ಸೆಟ್ಟೇ ಬೇಕು. ನುಡಿಸಲು ಕೊಳ್ಳುವವರಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಹೊಸದರಲ್ಲಿ ತೊಂದರೆ ಬೇರೆ ಥರ. ಕಾರ್ಖಾನೆಯಿಂದ ಬಂದ ವಾದ್ಯದ ನಟ್‌ನ, ಅಂದರೆ ಕುತ್ತಿಗೆಯ ತುದಿಯಲ್ಲಿ ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿಯ, ಕಚ್ಚುಗಳು ಬಹಳ ಸಲ ಎತ್ತರ ಇರುತ್ತವೆ. ಮೂರನೇ ಫ್ರೆಟ್ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ ತಂತಿ ಕೂದಲೆಳೆಯಷ್ಟು ಮಾತ್ರ ಮೇಲಿರಬೇಕು. ಹೆಚ್ಚಿದ್ದರೆ ಬೆರಳು ನೋಯುತ್ತದೆ, ಮೊದಲ ಸ್ವರಗಳು ಏರಿ ಕೇಳುತ್ತವೆ. ಕುದುರೆಯ ಪಾದದಡಿ ಕಾಗದ ತೂರಿದರೆ ಅದು ಮೇಲ್ಹಲಗೆಗೆ ಕೂತಿಲ್ಲ ಅಂತ ಅರ್ಥ. ತಂತಿ ಬಿಚ್ಚಿ, ಮೇಲ್ಹಲಗೆಯ ಮೇಲೆ ಉಪ್ಪುಕಾಗದವನ್ನು ಒರಟು ಮುಖ ಮೇಲಾಗಿ ಹಾಸಿ, ಅದರ ಮೇಲೆ ಪಾದವನ್ನು ತಂತಿಯ ದಿಕ್ಕಿನಲ್ಲಿ ಉಜ್ಜಿದರೆ ಕೂರುತ್ತದೆ. ಈ ಕೆಲಸಗಳನ್ನು ಮಾಡಿಕೊಟ್ಟೇ ಮಾರುವ ಅಂಗಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಗಟ್ಟಿ ಮರದ ವಾದ್ಯಕ್ಕೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಜುಲೈಯಲ್ಲಿ ಕಾರವಾರ, ಕುಮಟಾ, ಹೊನ್ನಾವರಗಳಲ್ಲಿ ಅದು 80 ದಾಟುತ್ತದೆ. ಮೇಲ್ಹಲಗೆ ಉಬ್ಬಿ ತಂತಿ ಮೇಲೇರುತ್ತದೆ. ವಾದ್ಯ ಕೆಟ್ಟಿತು ಅಂದುಕೊಳ್ಳಬೇಡಿ. ತಂತಿ ಸ್ವಲ್ಪ ಸಡಿಲಿಸಿ, ಚಕ್ರ ಇಳಿಸಿ, ಮತ್ತೆ ಶ್ರುತಿ ಮಾಡಿ. ಶಿರಸಿ, ಯಲ್ಲಾಪುರದ ಕಡೆ ಜನವರಿಯ ಒಣಗಾಳಿಗೆ ಇದರ ತಿರುಗಾಮುರುಗಾ: ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ. ಹಾಗಾಗಿ ಬಳಸಿದ್ದನ್ನು ನೋಡಲು ಒಳ್ಳೆಯ ಕಾಲ ಸೆಪ್ಟೆಂಬರ್, ಅಕ್ಟೋಬರ್. ಮಳೆ ಮಾಡಿದ ಹಾನಿ ಆಗ ಮುಚ್ಚಿಡಲಾಗದು.

ಬೆಲೆಯ ವಿಷಯದಲ್ಲಿ ನನ್ನ ಲೆಕ್ಕ ಇಷ್ಟು: ಬಳಸಿದ್ದರ ಬೆಲೆಗೆ ಫ್ರೆಟ್ ತಿದ್ದುವ, ಬಿರಡೆ ಬದಲಿಸುವ ಖರ್ಚು ಸೇರಿಸಿ. ಅದು ಹೊಸದರ ಬೆಲೆಯ ಮೂರರಲ್ಲಿ ಎರಡು ಪಾಲು ದಾಟಿದರೆ ಹೊಸದಕ್ಕೇ ಹೋಗಿ, ವಾರಂಟಿಯಾದರೂ ಸಿಗುತ್ತದೆ. ಯಾವುದನ್ನೇ ತಂದರೂ ಮೊದಲ ವಾರದಲ್ಲೇ ತಂತಿ ಬದಲಿಸಿ. ಎಂಟನ್ನೂ ಒಟ್ಟಿಗೆ ಬಿಚ್ಚಬೇಡಿ, ಕುದುರೆ ಜಾರುತ್ತದೆ. ಒಂದು ತೆಗೆದು, ಒಂದು ಹಾಕಿ, ಆಮೇಲೆ ಮುಂದಿನದು.

ನಮಸ್ಕಾರ.