ಯೀಸ್ಟಿನ ಒಳಪೊರೆಯಲ್ಲಿ ಜೊತೆಗೂಡುವ ಕಿಣ್ವಗಳು

ಕೇಳುಗರಿಗೆ ನಮಸ್ಕಾರ.

ಬ್ರೆಡ್ ಉಬ್ಬಿಸುವ ಯೀಸ್ಟ್, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕಿಣ್ವಗಳ ಸಾಲೇ ಉಸಿರಾಟದ ಸರಪಳಿ. ಅದರಲ್ಲಿ ಹಲವು ಪ್ರೋಟೀನುಗಳು ಸೇರಿದ ದೊಡ್ಡ ಕಿಣ್ವಕ್ಕೆ ಸಂಕೀರ್ಣ ಎನ್ನುತ್ತಾರೆ. ಈ ಯೀಸ್ಟಿನಲ್ಲಿ 1ನೇ ಸಂಕೀರ್ಣ ಇಲ್ಲವೇ ಇಲ್ಲ. ಮೈಟೊಕಾಂಡ್ರಿಯಾದೊಳಗೆ ಎನ್‌ಎಡಿಎಚ್ ಎಂಬ ಎಲೆಕ್ಟ್ರಾನ್ ಹೊರುವ ಅಣುವಿನಿಂದ ಎಲೆಕ್ಟ್ರಾನ್ ತೆಗೆಯುವ ಕೆಲಸ ಎನ್‌ಡಿಐ1 ಎಂಬ ಚಿಕ್ಕ ಕಿಣ್ವದ್ದು. ಅದು ಪ್ರೋಟಾನ್‌ಗಳನ್ನು ಪೊರೆಯಾಚೆ ತಳ್ಳುವುದಿಲ್ಲ. ಆ ಕೆಲಸ ಮಾಡುವುದು 3 ಮತ್ತು 4ನೇ ಸಂಕೀರ್ಣಗಳು. ಹಾಗಾಗಿ ಇಲ್ಲಿ ಗಮನವಿಡಬೇಕಾದ್ದು ಅವುಗಳ ಮೇಲೆ.

3ನೇ ಸಂಕೀರ್ಣ ಯಾವಾಗಲೂ ಜೋಡಿಯಾಗಿರುತ್ತದೆ. ಆ ಜೋಡಿಯ ಒಂದು ಬದಿಗೋ ಎರಡೂ ಬದಿಗೋ 4ನೇ ಸಂಕೀರ್ಣ ಅಂಟಿಕೊಂಡರೆ ಅದೇ ಮಹಾಸಂಕೀರ್ಣ. ಲ್ಯಾಕ್ಟೇಟ್‌ನಲ್ಲಿ ಬೆಳೆದ ಯೀಸ್ಟಿನಲ್ಲಿ ಎರಡೂ ಬದಿ ತುಂಬಿದ ರೂಪವೇ ಹೆಚ್ಚು. ಗ್ಲೂಕೋಸ್ ಕೊಟ್ಟರೆ 4ನೇ ಸಂಕೀರ್ಣದ ತಯಾರಿ ತಗ್ಗಿ, ಒಂದೇ ಬದಿ ತುಂಬಿದ ರೂಪ ಹೆಚ್ಚುತ್ತದೆ. ಹಿಡಿತ ಎಲ್ಲಿದೆ ಎಂಬುದನ್ನು 2019ರಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತು: ಮುಖ್ಯವಾಗಿ 3ನೇ ಸಂಕೀರ್ಣದ ಸಿಒಆರ್1 ಮತ್ತು 4ನೇ ಸಂಕೀರ್ಣದ ಸಿಒಎಕ್ಸ್5ಎ ಪ್ರೋಟೀನುಗಳ ನಡುವೆ. ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ಅಣುಗಳೂ ಈ ಬೆಸುಗೆಗೆ ಬಲ ಕೊಡುತ್ತವೆ. ಇದರಿಂದ, 3ನೇ ಸಂಕೀರ್ಣದಿಂದ 4ನೆಯದಕ್ಕೆ ಎಲೆಕ್ಟ್ರಾನ್ ಒಯ್ಯುವ ಸೈಟೋಕ್ರೋಮ್ ಸಿ ಎಂಬ ಚಿಕ್ಕ ಪ್ರೋಟೀನು ಸಾಗಬೇಕಾದ ದಾರಿ ಸುಮಾರು 6 ನ್ಯಾನೋಮೀಟರಿಗೆ ಇಳಿಯುತ್ತದೆ. ಈ ಹಿಡಿತ ಸಡಿಲಿಸಿದ ತಳಿ ಸಾಮಾನ್ಯ ಯೀಸ್ಟಿನೊಡನೆ ಪೈಪೋಟಿಗಿಟ್ಟಾಗ ಹಿಂದೆ ಬೀಳುತ್ತದೆ. ಮಹಾಸಂಕೀರ್ಣದಿಂದ ಯೀಸ್ಟಿಗೆ ಲಾಭವಿದೆ ಎಂಬುದಕ್ಕೆ ನನ್ನ ಮಟ್ಟಿಗೆ ಇದು ಬಹಳ ಬಲವಾದ ಸಾಕ್ಷಿ.

ಮಹಾಸಂಕೀರ್ಣವನ್ನು ಪ್ರಯೋಗಾಲಯದಲ್ಲಿ ನೋಡಲು ಬ್ಲೂ ನೇಟಿವ್ ಜೆಲ್ ಬೇಕು. ಇದು ಪ್ರೋಟೀನುಗಳನ್ನು ಬಿಚ್ಚದೆ, ನೀಲಿ ಬಣ್ಣ ಹಚ್ಚಿ, ವಿದ್ಯುತ್ತಿನಿಂದ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ವಿಧಾನ. ಶ್ಯಾಗರ್ ಮತ್ತು ಫೈಫರ್ 2000ದಲ್ಲಿ ಯೀಸ್ಟಿನ ಮಹಾಸಂಕೀರ್ಣವನ್ನು ತೋರಿಸಿದ್ದೂ ಇದರಿಂದಲೇ. ಇಲ್ಲಿ ಎಲ್ಲವೂ ಪೊರೆ ಕರಗಿಸುವ ಮಾರ್ಜಕದ ಅಳತೆಯ ಮೇಲೆ ನಿಂತಿದೆ. 1 ಮಿಲಿಗ್ರಾಂ ಮೈಟೊಕಾಂಡ್ರಿಯಾ ಪ್ರೋಟೀನಿಗೆ 2ರಿಂದ 4 ಮಿಲಿಗ್ರಾಂ ಡಿಜಿಟೋನಿನ್ ಎಂಬ ಮೃದು ಮಾರ್ಜಕ ಹಾಕಿ, ಮಂಜುಗಡ್ಡೆಯ ಮೇಲೆ 30 ನಿಮಿಷ ಬಿಡಿ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿದ್ರವಕ್ಕೆ ಕೂಮಾಸಿ ನೀಲಿ ಎಂಬ ಬಣ್ಣ ಬೆರೆಸಿ. ಜೆಲ್ 3ರಿಂದ 12 ಶೇಕಡಾ ಇಳಿಜಾರಿನದ್ದಿರಲಿ, 4 ಡಿಗ್ರಿಯಲ್ಲಿ ಓಡಲಿ.

ಡಿಜಿಟೋನಿನ್ ಕಡಿಮೆಯಾದರೆ ಪೊರೆ ಕರಗದೆ ಕಿಣ್ವಗಳು ಗಸಿಯಲ್ಲೇ ಉಳಿಯುತ್ತವೆ, ಹೆಚ್ಚಾದರೆ ಬೆಸುಗೆ ಬಿಡುತ್ತದೆ. ಡಿಜಿಟೋನಿನ್ ತಣ್ಣೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. 95 ಡಿಗ್ರಿಗೆ ಕಾಯಿಸಿ, ತಣಿಸಿ, ಆಗಲೇ ಬಳಸಿ. ಬಾಟಲಿ ಬದಲಾದರೆ ಅಳತೆಯನ್ನು ಮತ್ತೆ ಪರೀಕ್ಷಿಸಿ. ದ್ರಾವಣದಲ್ಲಿ ಪೊಟ್ಯಾಸಿಯಂ ಲವಣ ಹೆಚ್ಚಿದ್ದರೆ ನೀಲಿ ಬಣ್ಣ ಗಟ್ಟಿಯಾಗಿ ಕುಳಿತು, ಪಟ್ಟಿಗಳು ಎಳೆದಂತೆ ಮಸುಕಾಗುತ್ತವೆ.

ಸರಿ ಬಂದಾಗ ಮಹಾಸಂಕೀರ್ಣದ ಎರಡು ಪಟ್ಟಿಗಳು ಕಾಣುತ್ತವೆ: ಎರಡೂ ಬದಿ ತುಂಬಿದ ರೂಪ ಸುಮಾರು 1000, ಒಂದೇ ಬದಿ ತುಂಬಿದ್ದು ಸುಮಾರು 750 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ಬಳಿ. ಹೋಲಿಕೆಗೆ ಪಕ್ಕದ ಸಾಲಿನಲ್ಲಿ ಡೋಡೆಸಿಲ್ ಮಾಲ್ಟೋಸೈಡ್ ಎಂಬ ಇನ್ನೂ ಬಲವಾದ ಮಾರ್ಜಕ ಬಳಸಿದ ಮಾದರಿ ಇರಲೇಬೇಕು. ಅದರಲ್ಲಿ ಇವು ಒಡೆದು, 3ನೇ ಸಂಕೀರ್ಣದ ಜೋಡಿ 500ರ, 4ನೇ ಸಂಕೀರ್ಣ 200ರ ಆಸುಪಾಸಿಗೆ ಇಳಿಯುತ್ತವೆ. ಕಾರ್ಡಿಯೋಲಿಪಿನ್ ತಯಾರಿಸಲಾರದ ತಳಿಯಲ್ಲಿ ಡಿಜಿಟೋನಿನ್ ಕೂಡ ಬೆಸುಗೆಯನ್ನು ಸುಲಭವಾಗಿ ಬಿಡಿಸಿಬಿಡುತ್ತದೆ. ಆದ್ದರಿಂದ ಅಂಥ ತಳಿಯನ್ನು ಡಿಜಿಟೋನಿನ್‌ನ ಒಂದೇ ಅಳತೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಕನಿಷ್ಠ ಮೂರು ಅಳತೆಗಳಲ್ಲಿ, ಸಾಮಾನ್ಯ ತಳಿಯ ಜೊತೆಗೇ ಓಡಿಸಿ.