ಪಂಪ್ ಬದಲಿಸುವ ಮೊದಲು ಪೆಟ್ರೋಲಿನ ದಾರಿ ಹಿಡಿಯಿರಿ

ನಮಸ್ಕಾರ. ಈ ಮೇಜಿನ ಮೇಲೆ ಎರಡು ವಸ್ತುಗಳಿವೆ. ಒಂದು, ಗಂಟೆಗೆ 255 ಲೀಟರ್ ತಳ್ಳುವ ಫ್ಯೂಯೆಲ್ ಪಂಪ್. ಡಬ್ಬಿಯಿಂದ ಹೊರಗೆ ಬಂದು ಮೂರು ತಿಂಗಳೂ ಆಗಿಲ್ಲ. ಇನ್ನೊಂದು, ಅರ್ಥ್ ತಂತಿಯ (ಕರೆಂಟನ್ನು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳಿಸುವ ತಂತಿ) ತುದಿಯಲ್ಲಿರುವ ತಾಮ್ರದ ಉಂಗುರ. ಹಸಿರು ಕಿಲುಬು ಹಿಡಿದು, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ನಾನು ಹಣ ಸುರಿದದ್ದು ಮೊದಲನೆಯದಕ್ಕೆ. ಕಾರು ಸರಿಯಾದದ್ದು ಎರಡನೆಯದನ್ನು ಕತ್ತರಿಸಿ ತೆಗೆದ ದಿನ.

ನಮ್ಮ ಕಡೆ ಟರ್ಬೊ ಕಾರನ್ನು ಮಾಡಿಫೈ ಮಾಡಿಸಿಕೊಂಡವರು ಈಗ ಕಡಿಮೆ ಇಲ್ಲ. ಅಂಥ ಕಾರು ಘಟ್ಟ ಹತ್ತುವಾಗ ಜರ್ಕ್ ಹೊಡೆಯಿತು, ಪಿಕಪ್ ಹೋಯಿತು ಎಂದರೆ ಸಿಗುವ ಸಲಹೆ ಒಂದೇ: ಪಂಪ್ ಬದಲಿಸಿ. ಅದರಿಂದ ಆಗದಿದ್ದರೆ ಇಂಜೆಕ್ಟರ್, ಅಂದರೆ ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ನಳಿಕೆ. ಅದರಿಂದಲೂ ಆಗದಿದ್ದರೆ ಮತ್ತೊಮ್ಮೆ ರೀಮ್ಯಾಪ್, ಅಂದರೆ ಇಸಿಯು ಎಂಬ ಇಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಬದಲಿಸುವುದು. ಈ ಪದ್ಧತಿಯ ಮೇಲೆ ನನಗೆ ಸಿಟ್ಟಿದೆ. ಅಳೆಯದೆ ಬಿಡಿಭಾಗ ಬದಲಿಸುವುದು ಎಂದರೆ ಕಾರಿನ ಮಾಲೀಕನ ದುಡ್ಡಿನಲ್ಲಿ ಊಹೆ ಮಾಡುವುದು. ಟ್ಯಾಂಕಿನಿಂದ ಇಂಜೆಕ್ಟರಿನವರೆಗೆ ಪೆಟ್ರೋಲ್ ಹೋಗುವ ದಾರಿ ಒಂದೇ. ಆ ದಾರಿಯಲ್ಲಿ ಎಲ್ಲಿ ಸೋತಿತು ಎಂಬುದನ್ನು ಗೇಜ್ ಹೇಳುತ್ತದೆ. ಗೇಜ್ ಹಾಕುವವರೆಗೆ ಯಾರೂ ಸ್ಪ್ಯಾನರ್ ಎತ್ತಬಾರದು.

ನನ್ನ ಕಾರು ಹತ್ತು ವರ್ಷ ದಾಟಿದ, 1.4 ಲೀಟರಿನ ಟರ್ಬೊ ಪೆಟ್ರೋಲ್. ಇನ್‌ಟೇಕ್ ಪೋರ್ಟಿಗೆ (ಸಿಲಿಂಡರಿಗೆ ಗಾಳಿ ಹೋಗುವ ಬಾಯಿ) ಪೆಟ್ರೋಲ್ ಸಿಂಪಡಿಸುವ ಹಳೆಯ ಮಾದರಿಯ ಇಂಜೆಕ್ಟರುಗಳು. ರೀಮ್ಯಾಪ್ ಆದ ಮೇಲೆ ಸುಮಾರು 150 ಅಶ್ವಶಕ್ತಿ; ಬೂಸ್ಟ್, ಅಂದರೆ ಟರ್ಬೊ ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, 1 ಬಾರ್. ಮನೆ ಕಾರವಾರದಲ್ಲಿ, ಸಮುದ್ರದಿಂದ ಕೂಗಳತೆಯಲ್ಲಿ. ಕಳೆದ ಮಳೆಗಾಲ ಮುಗಿದ ಮೇಲೆ ಕುಮಟಾದಿಂದ ಶಿರಸಿಗೆ ಹೊರಟಿದ್ದೆ. ದೇವಿಮನೆ ಘಟ್ಟದಲ್ಲಿ ಎರಡನೇ ಗೇರ್, 4,000 ಆರ್‌ಪಿಎಂ, ವೇಗ ಗಂಟೆಗೆ 50 ಕಿಲೋಮೀಟರಿನ ಆಸುಪಾಸು. ಬೂಸ್ಟ್ ಏರಿದ್ದೇ ತಡ, ಇಂಜಿನ್ ಉಸಿರು ಕಟ್ಟಿದಂತೆ ತಡವರಿಸಿತು. ಡ್ಯಾಶ್‌ಬೋರ್ಡಿನ ಮೇಲೆ ಗಾಳಿ, ಪೆಟ್ರೋಲುಗಳ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಇದೆ. ಪೂರ್ತಿ ಬೂಸ್ಟಿನಲ್ಲಿ ಅದು 11.8 ತೋರಿಸಬೇಕು, ಅಂದರೆ ಒಂದು ಕಿಲೋ ಪೆಟ್ರೋಲಿಗೆ 11.8 ಕಿಲೋ ಗಾಳಿ. ಅಂದು ಅದು 14 ದಾಟಿತ್ತು. ತಕ್ಷಣ ಕಾಲು ತೆಗೆದೆ.

ಈ ಕಾಲು ತೆಗೆಯುವ ಮಾತನ್ನು ಒತ್ತಿ ಹೇಳುತ್ತೇನೆ. ಬೂಸ್ಟ್ ಇರುವಾಗ ಪೆಟ್ರೋಲ್ ಕಡಿಮೆಯಾದರೆ ಸಿಲಿಂಡರಿನೊಳಗೆ ಶಾಖ ಏರುತ್ತದೆ, ನಾಕಿಂಗ್ (ಇಂಧನ ಹದ ತಪ್ಪಿ ಸಿಡಿದು ಉರಿಯುವುದು) ಶುರುವಾಗುತ್ತದೆ, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಲು ಕೆಲವೇ ಸೆಕೆಂಡು ಸಾಕು. ದೋಷ ಮತ್ತೆ ಬರುತ್ತದೆಯೋ ನೋಡೋಣ ಎಂದು ಐದಾರು ಸಲ ಒತ್ತಿ, ಕೊನೆಗೆ ಇಂಜಿನ್ ಬಿಚ್ಚಿಸಿದವರನ್ನು ಕಂಡು ನೋವಾಗಿದೆ. ಒಂದು ಸಲ, ಎರಡು ಮೂರು ಸೆಕೆಂಡು, ಪಕ್ಕದಲ್ಲಿ ಗೇಜ್ ನೋಡಲು ಇನ್ನೊಬ್ಬರು. ಅಷ್ಟು ಸಾಕು.

ಹೊರಜಿಲ್ಲೆಯ ಒಂದು ಗ್ಯಾರೇಜಿಗೆ ಕಾರು ಹೋಯಿತು. ಗೇಜ್ ಹಾಕಲಿಲ್ಲ. ಹಳೆಯ ಪಂಪ್ ಸೋತಿದೆ ಎಂದರು, ಈ ದೊಡ್ಡ ಪಂಪ್ ಹಾಕಿದರು. ನಾನೂ ಕೇಳಲಿಲ್ಲ. ಮರುವಾರ ಅದೇ ಘಟ್ಟ, ಅದೇ ತಿರುವು, ಅದೇ ಜರ್ಕ್.

ಅವತ್ತು ರಾತ್ರಿ ಕಾಗದ, ಪೆನ್ನು ಹಿಡಿದು ಕುಳಿತೆ. ಟರ್ಬೊ ಪೆಟ್ರೋಲ್ ಇಂಜಿನ್ ಪೂರ್ತಿ ಬೂಸ್ಟಿನಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಹೆಚ್ಚುಕಡಿಮೆ 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 150 ಅಶ್ವಶಕ್ತಿಗೆ ಸುಮಾರು 41 ಕಿಲೋ, ಅಂದರೆ 55 ಲೀಟರ್. ನಿಮಿಷಕ್ಕೆ ಒಂದು ಲೀಟರಿಗೂ ಕಡಿಮೆ! ಒತ್ತಡ ಏರಿದಂತೆ ಪಂಪ್ ತಳ್ಳುವ ಪ್ರಮಾಣ ಇಳಿಯುತ್ತದೆ, ನಿಜ. ಆದರೂ 255 ಲೀಟರಿನ ಪಂಪ್ 55 ಲೀಟರ್ ಕೊಡಲಾರದೆ ಸೋಲುತ್ತಿದೆ ಎಂದರೆ ದೋಷ ಪಂಪಿನಲ್ಲಿ ಇಲ್ಲ. ಈ ಲೆಕ್ಕಕ್ಕೆ ಐದು ನಿಮಿಷ ಸಾಕಿತ್ತು. ಪಂಪ್ ಕೊಳ್ಳುವ ಮೊದಲೇ ಯಾರಾದರೂ ಇದನ್ನು ಮಾಡಬೇಕಿತ್ತು.

ಇಲ್ಲಿ ಒಂದು ಬಲೆ ಇದೆ. ವೈಡ್‌ಬ್ಯಾಂಡ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ; ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುತ್ತದೆ. ಬೂಸ್ಟಿನ ಒತ್ತಡಕ್ಕೆ ಪ್ಲಗ್ಗಿನ ಕಿಡಿ ಆರಿಹೋಗಿ ಮಿಸ್ಸಿಂಗ್ ಹೊಡೆದರೆ, ಆ ಸಿಲಿಂಡರಿನ ಗಾಳಿ ಉರಿಯದೆ ಹಾಗೆಯೇ ಹೊರಗೆ ಹೋಗುತ್ತದೆ. ಸೆನ್ಸರ್ ಅದನ್ನು ಪೆಟ್ರೋಲ್ ಸಾಲುತ್ತಿಲ್ಲ ಎಂದು ಓದುತ್ತದೆ. ಸೆನ್ಸರಿಗಿಂತ ಮೊದಲೇ ಎಕ್ಸಾಸ್ಟ್ ಸೋರುತ್ತಿದ್ದರೂ ಓದು ಹೀಗೆಯೇ ತಪ್ಪಬಹುದು. ಆಗ ರೀಮ್ಯಾಪ್ ಮಾಡುವವರು ಇನ್ನಷ್ಟು ಪೆಟ್ರೋಲ್ ಸೇರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆದ್ದರಿಂದ ಮೊದಲು ಪ್ಲಗ್ ಬಿಚ್ಚಿ ನೋಡಿ. ಬೂಸ್ಟ್ ಹೆಚ್ಚಿಸಿದ ಇಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಹಾರುವ ಗ್ಯಾಪನ್ನು 0.6ರಿಂದ 0.7 ಮಿಲಿಮೀಟರಿಗೆ ಇಳಿಸುವುದು ವಾಡಿಕೆ. ನನ್ನ ಪ್ಲಗ್ಗುಗಳು ಸರಿಯಾಗಿದ್ದವು.

ಮುಂದಿನದು ಪ್ರೆಷರ್ ಗೇಜ್. ನನ್ನ ಕಾರಿನಂತೆ ಫ್ಯೂಯೆಲ್ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ ಕಾಯುವ ರೆಗ್ಯುಲೇಟರ್ ಇದ್ದು, ಅದಕ್ಕೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಸಣ್ಣ ರಬ್ಬರ್ ಪೈಪ್ ಬಂದಿದ್ದರೆ ನಿಯಮ ಸರಳ. ಮೂಲ ಒತ್ತಡ 3 ಬಾರ್ ಎಂದಿಟ್ಟುಕೊಳ್ಳಿ. ಬೂಸ್ಟ್ 1 ಬಾರ್ ಏರಿದರೆ ರೈಲಿನ ಒತ್ತಡ 4 ಆಗಲೇಬೇಕು. ಏಕೆಂದರೆ ಇಂಜೆಕ್ಟರಿನ ಬಾಯಿಯ ಎದುರು 1 ಬಾರ್ ಗಾಳಿ ನಿಂತಿದೆ. ಅದನ್ನು ತಳ್ಳಿಕೊಂಡೇ ಪೆಟ್ರೋಲ್ ಒಳಗೆ ಹೋಗಬೇಕು. 4ರ ಬದಲು 3ರಲ್ಲೇ ನಿಂತರೆ ಉಳಿಯುವ ವ್ಯತ್ಯಾಸ 2 ಬಾರ್. ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುವುದರಿಂದ ಪೆಟ್ರೋಲ್ ಶೇ 18ರಷ್ಟು ಕಡಿಮೆಯಾಗುತ್ತದೆ, 11.8 ಇದ್ದದ್ದು 14.5ರ ಹತ್ತಿರ ಹೋಗುತ್ತದೆ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇಲ್ಲದ ಕಾರುಗಳಲ್ಲಿ ಒತ್ತಡ ಹೀಗೆ ಏರಬೇಕೆಂದಿಲ್ಲ. ಅಲ್ಲಿ ಇಂಜೆಕ್ಟರ್ ತೆರೆದಿರುವ ಸಮಯವನ್ನು ಇಸಿಯು ಸರಿದೂಗಿಸುತ್ತದೆ. ನಿಮ್ಮದು ಯಾವ ಜಾತಿ ಎಂದು ತಿಳಿದುಕೊಂಡೇ ಗೇಜ್ ಓದಿ.

ಒತ್ತಡ ಇಳಿಯುತ್ತಿದ್ದರೆ ದೋಷ ಫಿಲ್ಟರ್, ಪಂಪ್, ವೈರಿಂಗ್ ಅಥವಾ ಟ್ಯಾಂಕಿನೊಳಗಿನ ಪೈಪಿನಲ್ಲಿದೆ. ಒತ್ತಡ ಅಲುಗದೆ ನಿಂತು, ಇಂಜೆಕ್ಟರ್ ಶೇ 90ಕ್ಕಿಂತ ಹೆಚ್ಚು ಸಮಯ ತೆರೆದೇ ಇದ್ದರೆ ಆಗ ಮಾತ್ರ ಇಂಜೆಕ್ಟರ್ ಚಿಕ್ಕದು. ಬೂಸ್ಟ್ ಏರಿದರೂ ಒತ್ತಡ ಮೂಲದಲ್ಲೇ ನಿಂತರೆ ಆ ಸಣ್ಣ ರಬ್ಬರ್ ಪೈಪನ್ನು ನೋಡಿ. ಶಿರಸಿಯ ನನ್ನ ಭಾವನ ಕಾರಿನಲ್ಲಿ ಆದದ್ದು ಅದೇ. ಅಡಿಕೆ ಮೂಟೆ ಇಡುವ ಕೊಟ್ಟಿಗೆಯ ಪಕ್ಕದಲ್ಲಿ ಕಾರು ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಇಲಿ ಬಾನೆಟ್ಟಿನೊಳಗೆ ಬೆಚ್ಚಗೆ ಕುಳಿತು ಪೈಪನ್ನು ಕಡಿದಿತ್ತು. ಒಂದು ಗೇಣು ಪೈಪಿನಲ್ಲಿ ಕೆಲಸ ಮುಗಿಯಿತು.

ಗೇಜ್ ಹಾಕುವವರಿಗೆ ಒಂದು ಬೇಡಿಕೆ. ಪೆಟ್ರೋಲ್ ತುಂಬಿದ ಪೈಪನ್ನು ಎಂದಿಗೂ ಕಾರಿನ ಒಳಗೆ ತರಬೇಡಿ. ಗೇಜನ್ನು ಗಾಜಿನ ಹೊರಗೆ, ವೈಪರಿನ ಹತ್ತಿರ ಭದ್ರವಾಗಿ ಕಟ್ಟಿ, ಇಲ್ಲವೆ ವಿದ್ಯುತ್ ಸೆನ್ಸರಿನ ಗೇಜ್ ಹಾಕಿಸಿ. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒತ್ತಡ ಇಳಿಯುತ್ತದೆ. ಇಂಜಿನ್ ತಣ್ಣಗಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ. ನಿಮ್ಮದು ಸಿಲಿಂಡರಿನೊಳಕ್ಕೇ ಪೆಟ್ರೋಲ್ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಕಾರಾದರೆ ಹೈ ಪ್ರೆಷರ್ ಪೈಪನ್ನು ಮುಟ್ಟಲೇಬೇಡಿ. ಅಲ್ಲಿ ಒತ್ತಡ 150 ಬಾರ್ ಮೀರುತ್ತದೆ, ಸಣ್ಣ ಸೋರಿಕೆಯೂ ಚರ್ಮವನ್ನು ಸೀಳಿ ಒಳಗೆ ಹೋಗಬಲ್ಲದು. ಅಂಥ ಕಾರಿನಲ್ಲಿ ಸ್ಕ್ಯಾನರಿನಿಂದ ಇಸಿಯು ಕೇಳಿದ ಒತ್ತಡ ಎಷ್ಟು, ಸಿಕ್ಕಿದ್ದು ಎಷ್ಟು ಎಂದು ಎರಡನ್ನೂ ಒಟ್ಟಿಗೆ ದಾಖಲಿಸಿ.

ನನ್ನ ಕಾರಿನ ಗೇಜ್ ಐಡಲಿನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ಓಡುವಾಗ, ಸರಿಯಾಗಿತ್ತು. ಘಟ್ಟದಲ್ಲಿ 4ಕ್ಕೆ ಏರಬೇಕಾದ ಮುಳ್ಳು 3.4ಕ್ಕೆ ಹೋಗಿ ಕೆಳಗೆ ಜಾರಿತು. ಫಿಲ್ಟರ್ ಹೊಸದು. ಹಾಗಾದರೆ? ಅಂಕೋಲಾದಲ್ಲಿ ನನಗೆ ಪರಿಚಯದ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರು ಬಾನೆಟ್ ಕೂಡ ಎತ್ತಿಸಲಿಲ್ಲ.

“ತಮ್ಮಾ, ಪಂಪಿಗೆ ಎಷ್ಟು ವೋಲ್ಟ್ ಬರುತ್ತಿದೆ ನೋಡಿದೆಯಾ?”

“ಬ್ಯಾಟರಿಯಲ್ಲಿ 13.8 ಇದೆ ಅಣ್ಣಾ.”

“ಬ್ಯಾಟರಿ ಮುಂದೆ ಇದೆ, ಪಂಪ್ ಹಿಂದೆ ಇದೆ. ನಡುವೆ ಹತ್ತು ವರ್ಷದ ಉಪ್ಪುಗಾಳಿ ಇದೆ.”

ಹಿಂದಿನ ಸೀಟು ಎತ್ತಿ, ಪಂಪಿನ ಕನೆಕ್ಟರಿಗೆ ಉದ್ದನೆಯ ತಂತಿ ಜೋಡಿಸಿ, ಮಲ್ಟಿಮೀಟರನ್ನು ನನ್ನ ತಮ್ಮನ ಕೈಗೆ ಕೊಟ್ಟೆವು. ಐಡಲಿನಲ್ಲಿ 10.6 ವೋಲ್ಟ್. ಏರಿನಲ್ಲಿ ಬೂಸ್ಟ್ ಬಂದಾಗ 8.9. ದಾರಿಯಲ್ಲಿ ಕಳೆದುಹೋದದ್ದು 4.9 ವೋಲ್ಟ್, ಅದರಲ್ಲಿ 3.6 ಅರ್ಥ್ ಬದಿಯಲ್ಲೇ. ಕನೆಕ್ಟರಿನ ಪ್ಲಾಸ್ಟಿಕ್ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಬಾಡಿಗೆ ಕಚ್ಚಿಸಿದ ಅರ್ಥ್ ಬೋಲ್ಟಿನ ಕೆಳಗೆ ಈ ಉಂಗುರ ಇತ್ತು.

ದೋಷ ಬೂಸ್ಟಿನಲ್ಲಿ ಮಾತ್ರ ಕಾಣಿಸುತ್ತಿದ್ದುದೇಕೆ ಎಂಬುದು ಆಗ ಅರ್ಥವಾಯಿತು. ಒತ್ತಡ ಏರಿದಂತೆ ಪಂಪ್ ಹೆಚ್ಚು ಆಂಪಿಯರ್ ಎಳೆಯುತ್ತದೆ. ಕಿಲುಬು ಹಿಡಿದ ಜೋಡಣೆಯಲ್ಲಿ ಆಂಪಿಯರ್ ಹೆಚ್ಚಾದಷ್ಟೂ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಕುಸಿದರೆ ಪಂಪ್ ನಿಧಾನವಾಗುತ್ತದೆ. ದೊಡ್ಡ ಪಂಪ್ ಏಕೆ ಪ್ರಯೋಜನಕ್ಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಅಲ್ಲೇ ಇದೆ. ಅದು ಹಳೆಯದಕ್ಕಿಂತ ಹೆಚ್ಚು ಕರೆಂಟ್ ಎಳೆದು, ಅದೇ ಕೊಳೆತ ಜೋಡಣೆಯ ಮೇಲೆ ಇನ್ನಷ್ಟು ಭಾರ ಹಾಕಿತು. ನಾವು ಹಣ ಕೊಟ್ಟು ದೋಷವನ್ನು ಬೆಳೆಸಿದ್ದೆವು.

ಕರಾವಳಿಯವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ, ಉಳಿದ ತಿಂಗಳು ಉಪ್ಪಿನ ತೇವ. ಒಳನಾಡಿನ ಕಾರಿನಲ್ಲಿ ಕೊನೆಗೆ ನೋಡುವ ಅರ್ಥ್ ಪಾಯಿಂಟನ್ನು ನಾವು ಮೊದಲು ನೋಡಬೇಕು. ಅರ್ಥ್ ಬದಿಯ ಪರೀಕ್ಷೆ ಸುಲಭ: ಪಂಪ್ ಓಡುತ್ತಿರುವಾಗ ಮೀಟರಿನ ಒಂದು ತುದಿ ಪಂಪಿನ ಅರ್ಥ್ ತಂತಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. 0.2 ವೋಲ್ಟಿಗಿಂತ ಬಹಳ ಹೆಚ್ಚು ತೋರಿಸಿದರೆ ಬೋಲ್ಟ್ ಬಿಚ್ಚಿ.

ಟ್ಯಾಂಕಿನೊಳಗಿನ ಪೈಪಿನ ಬಗ್ಗೆಯೂ ಹೇಳಬೇಕು. ಪಂಪ್ ಬದಲಿಸಿದವರು ಕೈಗೆ ಸಿಕ್ಕ ಸಾಮಾನ್ಯ ಪೆಟ್ರೋಲ್ ಪೈಪ್ ತುಂಡನ್ನು ಒಳಗೆ ಹಾಕಿಬಿಡುತ್ತಾರೆ. ಅದು ಒಳಗಿನಿಂದ ಪೆಟ್ರೋಲ್ ತಾಳುತ್ತದೆ, ಹೊರಮೈಯಿಂದ ಮುಳುಗಿದರೆ ಮೆತ್ತಗಾಗಿ ಸೀಳುತ್ತದೆ. ಮುಳುಗುವ ಪೈಪಿನ ಜಾತಿಯೇ ಬೇರೆ. ಅದು ಸೀಳಿದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಪೆಟ್ರೋಲ್ ಟ್ಯಾಂಕಿಗೇ ಸೋರುತ್ತಿರುತ್ತದೆ. ಇನ್ನು, ಅರಬೈಲಿನಂಥ ಘಟ್ಟದ ತಿರುವುಗಳಲ್ಲಿ ಮಾತ್ರ, ಅದೂ ಟ್ಯಾಂಕ್ ಕಾಲುಭಾಗ ಇದ್ದಾಗ ಮಾತ್ರ ಕಾರು ತಡವರಿಸಿದರೆ, ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತಿರಬಹುದು. ಟ್ಯಾಂಕ್ ತುಂಬಿಸಿ ಅದೇ ತಿರುವಿಗೆ ಹೋಗಿ ನೋಡಿ.

ಎಲ್ಲದಕ್ಕೂ ಎಥನಾಲನ್ನು ದೂರುವವರಿದ್ದಾರೆ. ಗೋವಾ ಗಡಿಯ ಪೋಳೆಂನಲ್ಲಿ ತುಂಬಿಸಿದ್ದು ಹಾಳು, ಕಾರವಾರದ್ದು ಒಳ್ಳೆಯದು ಎಂಬ ವಾದವೂ ನಡೆಯುತ್ತದೆ. ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲಿ. ಶುದ್ಧ ಪೆಟ್ರೋಲಿಗೆ ಸರಿಹೊಂದುವ ಗಾಳಿಯ ಪ್ರಮಾಣ 14.7 ಆದರೆ ಇ20ಗೆ ಸುಮಾರು 13.5, ಅಂದರೆ ಅದೇ ಗಾಳಿಗೆ ಶೇ 8–9ರಷ್ಟು ಹೆಚ್ಚು ಇಂಧನ ಬೇಕು. ನಿಮ್ಮ ರೀಮ್ಯಾಪ್ ಅದಕ್ಕಿಂತ ಹಿಂದಿನದಾದರೆ ಪೂರ್ತಿ ಬೂಸ್ಟಿನ ಅಂಕಿಗಳನ್ನು ಮತ್ತೆ ನೋಡಿಸಲೇಬೇಕು. ಎಥನಾಲ್ ತೇವವನ್ನೂ ಹೀರುತ್ತದೆ, ನೀರು ಮಿತಿಮೀರಿದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ನಿಲ್ಲಿಸಿದರೆ ಕಣ್ಣಿಗೇ ಕಾಣುತ್ತದೆ. ನೋಡದೆ ಬಂಕಿನವರನ್ನು ಬೈಯಬೇಡಿ.

ಅಂಕೋಲಾದ ಅಣ್ಣ ಬಾಡಿಯ ಬಣ್ಣ ಕೆರೆದು ಹೊಸ ಅರ್ಥ್ ಕೊಟ್ಟರು. ಬ್ಯಾಟರಿಯಿಂದ 4 ಚದರ ಮಿಲಿಮೀಟರಿನ ತಂತಿ, 20 ಆಂಪಿಯರ್ ಫ್ಯೂಸ್, ಹೊಸ ರಿಲೇ (ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್). ರಿಲೇಗೆ ಆಜ್ಞೆ ಕೊಡುವುದು ಮಾತ್ರ ಹಳೆಯ ತಂತಿಯೇ. ಇಂಜಿನ್ ನಿಂತರೆ ಪಂಪ್ ನಿಲ್ಲಲೇಬೇಕು, ಅಪಘಾತದಲ್ಲಿ ಅದು ಜೀವದ ಪ್ರಶ್ನೆ. ಆಮೇಲೆ ನನ್ನ ಒತ್ತಾಯಕ್ಕೆ ಇನ್ನೊಂದು ಕೆಲಸ ಮಾಡಿದೆವು. ಗ್ಯಾರೇಜಿನವರು ಸೋತಿದೆ ಎಂದು ತೆಗೆದುಕೊಟ್ಟಿದ್ದ ಹಳೆಯ ಪಂಪನ್ನೇ ಮತ್ತೆ ಟ್ಯಾಂಕಿಗಿಳಿಸಿ, ಬಯಲಿನಲ್ಲಿ ಕಾರು ನಿಲ್ಲಿಸಿ, ಬ್ಯಾಟರಿಗೆ ಚಾರ್ಜರ್ ಹಾಕಿ, ರೆಗ್ಯುಲೇಟರಿನ ಪೈಪಿಗೆ ಸೈಕಲ್ ಪಂಪಿನಿಂದ 1 ಬಾರ್ ಗಾಳಿ ಕೊಟ್ಟೆವು. ಗೇಜ್ 4 ತೋರಿಸಿತು. ರಿಟರ್ನ್ ಪೈಪನ್ನು ಡಬ್ಬಕ್ಕೆ ಬಿಟ್ಟು ಅರ್ಧ ನಿಮಿಷ ಅಳೆದಾಗ 750 ಮಿಲಿಲೀಟರ್ ಬಂತು. ನಿಮಿಷಕ್ಕೆ ಒಂದೂವರೆ ಲೀಟರ್; ನನ್ನ ಇಂಜಿನ್ನಿಗೆ ಬೇಕಾದದ್ದು ಒಂದಕ್ಕೂ ಕಡಿಮೆ. ಈಗ ಕಾರಿನಲ್ಲಿ ಓಡುತ್ತಿರುವುದು ಆ ಹಳೆಯ ಪಂಪ್.